ರೈತ ಸೇವೆಯ ಗಣಕ ವ್ಯವಸ್ಥೆಯನ್ನು ಘಟಕಗಳಾಗಿ ವಿಂಗಡಿಸುವ ಕ್ರಮ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ರೋಹಿಣಿ ಮಳೆಯು ಬಿದ್ದು ಮೃಗಶಿರೆಯು ಕಾಲಿಡುವ ವೇಳೆಗೆ ಬೇಸಾಯಗಾರನಿಗೆ ಬಿಡುವೆಂಬುದು ಇರುವುದಿಲ್ಲ. ಶಿಕಾರಿಪುರದ ಬಯಲು ಭಾಗದಲ್ಲಿ ಮುಸುಕಿನ ಜೋಳವನ್ನು ಊರುವುದಕ್ಕೂ ಸೊರಬದ ಕಡೆ ಕೂರಿಗೆಯಿಂದ ಭತ್ತವನ್ನು ಬಿತ್ತುವುದಕ್ಕೂ ನೆಲವು ಹದವಾಗಿರುವ ದಿವಸಗಳು ಬಹು ಕೆಲವೇ. ಆ ದಿವಸಗಳು ಕೈತಪ್ಪಿದಲ್ಲಿ ಒಂದೋ ನೆಲವು ಒಣಗುವುದು, ಇಲ್ಲವೆ ಜಡಿಮಳೆ ಹಿಡಿದು ಕೂರಿಗೆಯು ಹೊಲಕ್ಕೆ ಇಳಿಯದಂತಾಗುವುದು. ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ ಬಿತ್ತನೆ ಬೀಜಕ್ಕಾಗಿ ಜನರು ಸಾಲುಗಟ್ಟುವುದು ಇಂತಹ ದಿವಸಗಳಲ್ಲಿಯೇ. ಈಗ ಅಲ್ಲಿ ಬೀಜವನ್ನು ಕೊಡತಕ್ಕವರು ರೈತನ ನೋಂದಣಿ ಸಂಖ್ಯೆಯನ್ನು ಗಣಕಯಂತ್ರದಲ್ಲಿ ನಮೂದಿಸಿ, ಅವನ ಹಿಡುವಳಿಯನ್ನೂ ಅವನಿಗೆ ಸಲ್ಲತಕ್ಕ ಸಹಾಯಧನವನ್ನೂ ನೋಡಿಕೊಂಡು ಅನಂತರ ಚೀಲವನ್ನು ಎತ್ತಿಕೊಡಬೇಕಾಗಿದೆ. ಯಂತ್ರವು ಉತ್ತರ ಕೊಡದೆ ನಿಂತರೆ, ಉಗ್ರಾಣದಲ್ಲಿ ಬೀಜವು ತುಂಬಿದ್ದರೂ ರೈತನು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. “ಸರ್ವರ್ ಇಲ್ಲ” ಎಂಬ ಮಾತು ಇಂಗ್ಲಿಷಿನ ಗಂಧವಿಲ್ಲದ ಮುದುಕರ ಬಾಯಲ್ಲಿಯೂ ನೆಲೆಗೊಂಡುಬಿಟ್ಟಿದೆ.

ಹೀಗೆ ನಿಲ್ಲುವುದಕ್ಕೆ ಕಾರಣಗಳು ಹಲವು. ವಿದ್ಯುಚ್ಛಕ್ತಿಯು ಹೋಗುವುದು, ತಂತಿ ಕಡಿಯುವುದು, ನಾಡಿನ ಎಲ್ಲ ಹೋಬಳಿಗಳವರೂ ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲನ್ನು ತಟ್ಟುವುದು, ಇವು ಎಲ್ಲರಿಗೂ ತಿಳಿದಿರತಕ್ಕವು. ಕಣ್ಣಿಗೆ ಬೀಳದ ಮತ್ತೊಂದು ಕಾರಣವುಂಟು. ಅದು ಆ ತಂತ್ರಾಂಶವನ್ನು ಕಟ್ಟಿರುವ ಕ್ರಮ. ಬೀಜ, ವಿಮೆ, ಪರಿಹಾರ, ಯಂತ್ರೋಪಕರಣ ಇವೆಲ್ಲವುಗಳ ಕೆಲಸವನ್ನು ಒಂದೇ ಮುದ್ದೆಯಾಗಿ ಕಟ್ಟಿದ್ದಲ್ಲಿ, ವಿಮೆಯ ಪುಟದಲ್ಲಿ ಒಂದು ಅಕ್ಷರವನ್ನು ತಿದ್ದಬೇಕಾದರೂ ಮುದ್ದೆಯೆಲ್ಲವನ್ನೂ ಕೆಳಗಿಳಿಸಿ ಮತ್ತೆ ಏರಿಸಬೇಕಾಗುವುದು. ಆ ಹೊತ್ತಿನಲ್ಲಿ ಬೀಜಕ್ಕೆ ನಿಂತವನು ವಿಮೆಯ ತಪ್ಪಿಗೆ ದಂಡ ತೆತ್ತಂತಾಯಿತು. ಇಷ್ಟೇ ಅಲ್ಲ; ಒಂದು ಮೂಲೆಯನ್ನು ತಿದ್ದಿದಾಗ ಬೇರೆ ಯಾವ ಮೂಲೆಯು ಕೆಡುವುದೆಂದು ಕಟ್ಟಿದವರಿಗೇ ಹೇಳುವುದಕ್ಕಾಗದು. ಆದುದರಿಂದ ತಿದ್ದುವುದಕ್ಕೆ ಅಂಜಿಕೆಯುಂಟಾಗಿ, ತಿದ್ದಬೇಕಾದ ತಪ್ಪುಗಳು ವರ್ಷಗಟ್ಟಲೆ ಹಾಗೆಯೇ ಉಳಿಯುವುದೂ ಉಂಟು. ಇದಕ್ಕೆ ತಜ್ಞರು ಕಂಡುಕೊಂಡಿರುವ ಉಪಾಯವೇ ದೊಡ್ಡ ತಂತ್ರಾಂಶವನ್ನು ಘಟಕಗಳಾಗಿ ವಿಂಗಡಿಸಿ, ಒಂದೊಂದನ್ನೂ ಬೇರೆ ಬೇರೆ ಪೊಟ್ಟಣವಾಗಿ ಕಟ್ಟುವುದು. ಈ ವಿಷಯವು ಗಣಕ ತಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದಾದರೂ, ಇಲಾಖೆಯ ನೌಕರರೂ ತಿಳಿವಳಿಕೆಯುಳ್ಳ ರೈತರೂ ಇದನ್ನು ಅರಿತಿರುವುದರಿಂದ ಪ್ರಯೋಜನವುಂಟು.

ಪೊಟ್ಟಣ ಕಟ್ಟುವುದೆಂದರೇನೆಂಬುದಕ್ಕೆ ಬೀಜದ ಚೀಲಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಕಣದಲ್ಲಿ ಹಲವು ತಳಿಗಳ ಕಾಳನ್ನು ಒಂದೇ ರಾಶಿಯಾಗಿ ಸುರಿದರೆ, ಮೊಳಕೆ ಬಾರದ ಕಾಳು ಯಾವ ಹೊಲದ್ದೆಂದು ಹೇಳುವುದು ಅಸಾಧ್ಯ. 1966ರ ಬೀಜ ಕಾಯಿದೆಯು ಬಂದಮೇಲೆ ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿ ಚೀಟಿ, ತಳಿವರ್ಧಕ ಬೀಜಕ್ಕೆ ಹೊನ್ನಿನ ಹಳದಿ ಚೀಟಿ ಎಂಬ ವ್ಯವಸ್ಥೆಯುಂಟಾಯಿತು. ಚೀಟಿಯ ಮೇಲೆ ತಳಿಯ ಹೆಸರು, ತಂಡದ ಸಂಖ್ಯೆ, ಪರೀಕ್ಷೆಯ ದಿನಾಂಕ ಇವು ಇರುತ್ತವೆ. ಒಂದು ತಂಡದ ಬೀಜವು ಮೊಳೆಯಲಿಲ್ಲವೆಂಬ ದೂರು ಬಂದರೆ ಆ ತಂಡದ ಚೀಲಗಳನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡು ಉಳಿದವುಗಳನ್ನು ಮಾರುತ್ತಿರಬಹುದು. ತಂತ್ರಾಂಶದ ಪೊಟ್ಟಣವೂ ಹೀಗೆಯೇ. ಅದಕ್ಕೊಂದು ಹೆಸರು, ಒಂದು ಆವೃತ್ತಿ ಸಂಖ್ಯೆ, ತನ್ನ ಕೆಲಸಕ್ಕೆ ಬೇರೆ ಯಾವ ಪೊಟ್ಟಣಗಳು ಬೇಕೆಂಬ ಪಟ್ಟಿ ಇವು ಜತೆಗಿರುತ್ತವೆ. ವಿಮೆಯ ಪೊಟ್ಟಣದ ಹೊಸ ಆವೃತ್ತಿಯು ಕೆಟ್ಟದ್ದೆಂದು ಕಂಡುಬಂದರೆ ಅದರ ಹಳೆಯ ಆವೃತ್ತಿಯನ್ನೇ ಮತ್ತೆ ಇಟ್ಟು, ಬೀಜದ ಪೊಟ್ಟಣವನ್ನು ಮುಟ್ಟದೆ ಬಿಡಬಹುದು.

ಜಾವಾ ಎಂಬ ಗಣಕ ಭಾಷೆಯಲ್ಲಿ ಬರೆದ ಕೆಲಸಗಳಿಗೆ 1997ರಿಂದಲೇ ಜಾರ್ ಎಂಬ ಪೊಟ್ಟಣವುಂಟು. ಜಾಲತಾಣದ ಪುಟಗಳನ್ನೂ ಅವುಗಳ ಹಿಂದಣ ಕೆಲಸವನ್ನೂ ಒಟ್ಟಿಗೆ ಕಟ್ಟುವ ವಾರ್ ಎಂಬುದು 1999ರಲ್ಲಿ ಬಂದಿತು. ಇವುಗಳನ್ನು ಹಲವನ್ನು ಸೇರಿಸಿ ದೊಡ್ಡ ಸಂಸ್ಥೆಗಳ ಉಪಯೋಗಕ್ಕೆ ಇಯರ್ ಎಂಬ ಹಿರಿಯ ಪೊಟ್ಟಣವನ್ನು ಕಟ್ಟುವ ಕ್ರಮವೂ ಅದೇ ವರ್ಷದ್ದು. ಮೊದಮೊದಲು ಪುಟಗಳೆಲ್ಲವೂ ಒಂದೇ ವಾರ್‌ನೊಳಗೆ ಇರಬೇಕಾಗಿದ್ದುದರಿಂದ, ಹಿಂದಣ ಕೆಲಸವನ್ನು ಬಿಡಿಸಿದರೂ ಮುಂದಣ ಪುಟಗಳು ಮುದ್ದೆಯಾಗಿಯೇ ಉಳಿಯುತ್ತಿದ್ದವು. 2009ರ ಸರ್ವ್ಲೆಟ್ 3.0 ನಿಯಮಗಳ ಪ್ರಕಾರ ಪ್ರತಿಯೊಂದು ಜಾರ್ ಕೂಡ ತನ್ನ ಪುಟಗಳನ್ನು ತನ್ನೊಳಗೇ ತರುವುದಕ್ಕೆ ಅವಕಾಶವಾಯಿತು. 2017ರಲ್ಲಿ ಜಾವಾದ 9ನೆಯ ಆವೃತ್ತಿಯು ಘಟಕವೆಂಬುದನ್ನು ಭಾಷೆಯೊಳಕ್ಕೇ ತಂದು, ಯಾವ ಬಾಗಿಲು ಹೊರಗಿನವರಿಗೆ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಬರೆದಿಡುವಂತೆ ಮಾಡಿತು. ಬೇರೆ ಭಾಷೆಗಳಲ್ಲಿಯೂ ಇಂತಹವೇ ಏರ್ಪಾಡುಗಳಿವೆ. ಅವುಗಳ ವಿವರವು ಇಲ್ಲಿ ಬೇಕಾಗಿಲ್ಲ.

ಚೀಲವು ಸಿಕ್ಕಿದ ಮಾತ್ರಕ್ಕೆ ರಾಶಿಯನ್ನು ಎಲ್ಲಿ ಪಾಲು ಮಾಡಬೇಕೆಂಬುದು ತಿಳಿಯುವುದಿಲ್ಲ. ನಿಜವಾದ ಕಷ್ಟವಿರುವುದು ಇಲ್ಲಿಯೇ. ಈ ಪ್ರಶ್ನೆಯನ್ನು 1972ರಲ್ಲಿ ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು ಒಂದು ಸಣ್ಣ ಪ್ರಬಂಧದಲ್ಲಿ ವಿಚಾರಿಸಿದರು. ಪದಸೂಚಿಯನ್ನು ತಯಾರಿಸುವ ಒಂದೇ ಕೆಲಸವನ್ನು ಅವರು ಎರಡು ರೀತಿಯಲ್ಲಿ ವಿಂಗಡಿಸಿ ತೋರಿಸಿದರು. ಮೊದಲನೆಯದು ಕೆಲಸವು ನಡೆಯುವ ಹಂತಗಳ ಪ್ರಕಾರ. ಎರಡನೆಯದು ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನೂ ಒಂದೊಂದು ಘಟಕದೊಳಗೆ ಅಡಗಿಸಿಡುವ ಕ್ರಮ. ಎರಡನೆಯದರಲ್ಲಿ ತಿದ್ದುಪಡಿಯು ಒಂದು ಘಟಕದೊಳಗೇ ಮುಗಿಯುವುದೆಂದು ಅವರು ತೋರಿಸಿದರು.

ಇದನ್ನು ನಮ್ಮ ಹೋಬಳಿಗಳ ಕೆಲಸಕ್ಕೆ ಅನ್ವಯಿಸಿ ನೋಡಬಹುದು. ಕಚೇರಿಯಲ್ಲಿ ಕೆಲಸವು ನಡೆಯುವುದು ಹಂತಹಂತವಾಗಿ: ಅರ್ಜಿ, ಪರಿಶೀಲನೆ, ಮಂಜೂರಾತಿ, ಪಾವತಿ. ಆದುದರಿಂದ ತಂತ್ರಾಂಶವನ್ನೂ ಹಾಗೆಯೇ ನಾಲ್ಕು ಭಾಗ ಮಾಡೋಣವೆಂದು ಯಾರಿಗಾದರೂ ತೋಚುವುದು ಸಹಜ. ಆದರೆ ಒಬ್ಬ ರೈತನ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗಿ ಜಮೀನು ಪೋಡಿಯಾಯಿತೆನ್ನಿ. ಸರ್ವೆ ನಂಬರು ಹಾಗೆಯೇ ಇದ್ದು ಹಿಸ್ಸಾ ಮಾತ್ರ ಬದಲಾಗುವುದು. ಹಿಸ್ಸಾವನ್ನು ಓದತಕ್ಕ ಬಗೆಯನ್ನು ಅರ್ಜಿಯ ಘಟಕವೂ ಬಲ್ಲುದು, ಪರಿಶೀಲನೆಯದೂ ಬಲ್ಲುದು, ಮಂಜೂರಾತಿಯದೂ ಬಲ್ಲುದು. ನಂಬರನ್ನು ಬರೆಯುವ ಪದ್ಧತಿಯು ಸ್ವಲ್ಪ ಬದಲಾದರೂ ಮೂರು ಕಡೆಯೂ ತಿದ್ದಬೇಕು. ಒಂದು ಕಡೆ ಮರೆತರೆ ಅರ್ಜಿಯು ನಡುದಾರಿಯಲ್ಲಿ ಸಿಕ್ಕಿಕೊಳ್ಳುವುದು. ಹೀಗಲ್ಲದೆ ಜಮೀನಿಗೆ ಒಂದು ಘಟಕ, ರೈತನಿಗೆ ಒಂದು, ಬೆಳೆಗೆ ಒಂದು, ಬೀಜದ ದಾಸ್ತಾನಿಗೆ ಒಂದು ಎಂದು ವಿಂಗಡಿಸಿದರೆ ಹಿಸ್ಸಾದ ಗುಟ್ಟು ಜಮೀನಿನ ಘಟಕಕ್ಕೆ ಮಾತ್ರ ಗೊತ್ತಿರುವುದು. ಉಳಿದವು “ಈ ರೈತನಿಗೆ ಎಷ್ಟು ಎಕರೆಯುಂಟು?” ಎಂದು ಅದನ್ನು ಕೇಳಿದರೆ ಸಾಕು.

ಕರ್ನಾಟಕದಲ್ಲಿ ಇಂತಹ ವಿಂಗಡಣೆಯ ದೊಡ್ಡ ಮಾದರಿಯೊಂದು ಕಣ್ಣೆದುರಿಗೇ ಇದೆ. ಸುಮಾರು 9000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಕೈಬರಹದ ಪಹಣಿಗಳನ್ನು, ಎಂದರೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು, ಭೂಮಿ ಎಂಬ ವ್ಯವಸ್ಥೆಯು 2001ರ ಸುಮಾರಿಗೆ ಗಣಕಕ್ಕೆ ತಂದಿತು. ಕ್ರಯಪತ್ರಗಳ ನೋಂದಣಿಗೆ ಕಾವೇರಿ ಎಂಬುದು ಬೇರೆ. ಅಳತೆ ಮತ್ತು ನಕ್ಷೆಯ ಅರ್ಜಿಗಳಿಗೆ ಮೋಜಿಣಿ ಎಂಬುದು ಬೇರೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರತಕ್ಕವನು ಮೋಜಿಣಿಯ ಮೂಲಕ 11ಇ ನಕ್ಷೆಯನ್ನು ಪಡೆದು, ಕಾವೇರಿಯಲ್ಲಿ ನೋಂದಾಯಿಸುತ್ತಾನೆ. ಅಲ್ಲಿಂದ ಜೆ ಚೀಟಿಯು ಭೂಮಿಗೆ ಹೋಗಿ ಖಾತೆಯ ಬದಲಾವಣೆಯು ಮೊದಲಾಗುತ್ತದೆ. ಮೂರೂ ಬೇರೆಯಾಗಿದ್ದುದರ ಗುಣವು 2023ರಲ್ಲಿ ಕಂಡುಬಂದಿತು. ಆ ವರ್ಷ ನೋಂದಣಿಯ ಹಳೆಯ ವ್ಯವಸ್ಥೆಯನ್ನು ಬಿಟ್ಟು ಕಾವೇರಿ 2 ಎಂಬ ಹೊಸದನ್ನು ತಂದರು; ಪಹಣಿಯು ಮಾತ್ರ ಭೂಮಿಯಲ್ಲಿಯೇ ಮುಂದುವರಿಯಿತು.

ಇವುಗಳ ಮೇಲೆ ಫ್ರೂಟ್ಸ್ ಎಂಬ ರೈತರ ನೋಂದಣಿಯು ನಿಂತಿದೆ. ರೈತನು ಒಂದು ಸಲ ನೋಂದಾಯಿಸಿಕೊಂಡು ಎಫ್‌ಐಡಿ ಎಂಬ ಸಂಖ್ಯೆಯನ್ನು ಪಡೆದರೆ ಕೃಷಿ, ತೋಟಗಾರಿಕೆ, ರೇಷ್ಮೆ ಮೊದಲಾದ ಇಲಾಖೆಗಳು ಅದನ್ನೇ ಉಪಯೋಗಿಸುತ್ತವೆ. ಕೃಷಿ ಇಲಾಖೆಯ ಸವಲತ್ತುಗಳಿಗೆ ಕೆ-ಕಿಸಾನ್, ಬೆಳೆ ವಿಮೆಗೆ ಸಂರಕ್ಷಣೆ, ಪ್ರಕೃತಿ ವಿಕೋಪದ ಸಹಾಯಕ್ಕೆ ಪರಿಹಾರ ಎಂಬ ವ್ಯವಸ್ಥೆಗಳಿವೆ. 2017ರ ಮುಂಗಾರಿನಿಂದ ಬೆಳೆ ಸಮೀಕ್ಷೆಯು ಮೊಬೈಲಿನ ಮೂಲಕ ತಾಕುವಾರು ನಡೆಯುತ್ತಿದ್ದು, 2020ರಿಂದ ರೈತನು ತಾನೇ ಹೊಲದಲ್ಲಿ ನಿಂತು ಬೆಳೆಯ ಚಿತ್ರವನ್ನು ತೆಗೆದು ದಾಖಲಿಸುವುದಕ್ಕೂ ಅವಕಾಶವಾಗಿದೆ.

ಇಷ್ಟು ಭಾಗಗಳು ಒಂದರೊಡನೊಂದು ಹೇಗೆ ಕೂಡಿರಬೇಕೆಂಬುದನ್ನು ಸೊರಬದ ರೈತರಿಗೆ ವಿವರಿಸುವುದು ಕಷ್ಟವಲ್ಲ. ಕೆರೆಗಳ ಸಂಖ್ಯೆಗೆ ಹೆಸರಾದ ತಾಲ್ಲೂಕು ಅದು. ಶಿಕಾರಿಪುರವೂ ಹಿಂದೆ ಬಿದ್ದಿಲ್ಲ. ಕದಂಬರ ಕಾಕುಸ್ಥವರ್ಮನು ತಾಳಗುಂದದ ದೇವಾಲಯದ ಬಳಿಯಲ್ಲಿ ಕೆರೆಯನ್ನು ಕಟ್ಟಿಸಿದನೆಂದು ಅಲ್ಲಿಯ ಕಂಬದ ಶಾಸನವೇ ಸಾರುತ್ತದೆ. ಈ ಸೀಮೆಯಲ್ಲಿ ಕೆರೆಗಳು ಹಳ್ಳದ ಗುಂಟ ಸಾಲಾಗಿರುತ್ತವೆ. ಪ್ರತಿಯೊಂದಕ್ಕೂ ತನ್ನ ಏರಿ, ತನ್ನ ತೂಬು, ತನ್ನ ಅಚ್ಚುಕಟ್ಟು ಉಂಟು. ಮೇಲಣ ಕೆರೆಯ ಕೋಡಿ ಬಿದ್ದ ನೀರು ಕೆಳಗಣ ಕೆರೆಗೆ ಬರುವುದು; ಕೆಳಗಣದರ ನೀರು ಎಂದಿಗೂ ಮೇಲಕ್ಕೆ ಹರಿಯದು. ತಂತ್ರಾಂಶದ ಘಟಕಗಳಲ್ಲಿಯೂ ಅವಲಂಬನೆಯು ಹೀಗೆ ಒಂದೇ ದಿಕ್ಕಿಗೆ ಇರತಕ್ಕದ್ದು. ವಿಮೆಯು ಬೆಳೆ ಸಮೀಕ್ಷೆಯನ್ನು ಕೇಳಲಿ, ಸಮೀಕ್ಷೆಯು ಜಮೀನನ್ನು ಕೇಳಲಿ. ಜಮೀನಿನ ಘಟಕಕ್ಕೆ ವಿಮೆಯೆಂಬುದೊಂದು ಇದೆಯೆಂದೇ ತಿಳಿದಿರಬೇಕಾಗಿಲ್ಲ.

ಈ ನಿಯಮವನ್ನು ಮೀರಿದರೆ ಆಗುವ ಹಾನಿಯು ಯಂತ್ರಕ್ಕೆ ಮಾತ್ರ ಸೇರಿದ್ದಲ್ಲ. ವಿಮೆ ಮಾಡಿಸಿದ ಬೆಳೆಯೂ ಸಮೀಕ್ಷೆಯಲ್ಲಿ ಕಂಡ ಬೆಳೆಯೂ ತಾಳೆಯಾಗದಿದ್ದರೆ ಅರ್ಜಿಯು ತಿರಸ್ಕಾರಕ್ಕೆ ಗುರಿಯಾಗುತ್ತದೆ. ಸಮೀಕ್ಷೆಯು ಇಲ್ಲಿ ಸಾಕ್ಷಿಯ ಸ್ಥಾನದಲ್ಲಿದೆ. ಒಂದು ವೇಳೆ ಕೆಲಸವನ್ನು ಹಗುರ ಮಾಡಬೇಕೆಂದು, ವಿಮೆಯ ಅರ್ಜಿಯಲ್ಲಿರುವ ಬೆಳೆಯ ಹೆಸರನ್ನೇ ತಂದು ಸಮೀಕ್ಷೆಯ ಪುಟದಲ್ಲಿ ಮೊದಲೇ ತುಂಬಿಡುವಂತೆ ಮಾಡಿದರೆಂದು ಭಾವಿಸುವುದಾದರೆ, ಜೋಳಕ್ಕೆ ವಿಮೆ ಕಟ್ಟಿ ಶುಂಠಿ ಹಾಕಿದವನ ಹೊಲವೂ ಜೋಳವೆಂದೇ ದಾಖಲಾಗುವ ಸಂಭವವುಂಟು. ಆಗ ಸಾಕ್ಷಿಯು ವಾದಿಯ ಮಾತನ್ನೇ ಒಪ್ಪಿಸಿದಂತಾಗಿ, ನಿಜವಾಗಿ ಜೋಳ ಬೆಳೆದು ಕಳೆದುಕೊಂಡವನ ಲೆಕ್ಕವೂ ಸಂಶಯಕ್ಕೆ ಒಳಗಾಗುವುದು. ಎರಡು ಘಟಕಗಳು ಪರಸ್ಪರ ಅವಲಂಬಿಸಿದಲ್ಲಿ ಅವುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸುವುದೂ ಆಗದು, ಬೇರೆ ಬೇರೆಯಾಗಿ ಬದಲಾಯಿಸುವುದೂ ಆಗದು. ಅಂತಹ ಗಂಟನ್ನು ಬಿಡಿಸುವುದಕ್ಕೆ, ಎರಡಕ್ಕೂ ಬೇಕಾದ ಅಲ್ಪ ಭಾಗವನ್ನು, ಎಂದರೆ ಬೆಳೆಗಳ ಹೆಸರು ಮತ್ತು ಸಂಕೇತಗಳ ಪಟ್ಟಿಯಂತಹದನ್ನು, ಮೂರನೆಯ ಸಣ್ಣ ಪೊಟ್ಟಣವಾಗಿ ಮಾಡಿ ಮೇಲೆ ಇಡುವುದು ವಾಡಿಕೆ. ಆದರೆ ‘ಸಾಮಾನ್ಯ’ ಎಂಬ ಹೆಸರಿನ ಈ ಪೊಟ್ಟಣವು ಮನೆಯ ಅಟ್ಟದಂತೆ. ಬೇಡದ್ದನ್ನೆಲ್ಲ ತಂದು ಅಲ್ಲಿ ಎಸೆಯುವ ಚಾಳಿಯು ಬೇಗ ಬೆಳೆಯುತ್ತದೆ. ಅದು ದಪ್ಪವಾದಂತೆ ಹಳೆಯ ಮುದ್ದೆಯೇ ಬೇರೆ ಹೆಸರಿನಿಂದ ಹುಟ್ಟಿಕೊಂಡಂತಾಗುವುದು.

ಪುಟಗಳನ್ನೂ ಕೆಲಸವನ್ನೂ ವಿಂಗಡಿಸಿ, ಮಾಹಿತಿಯ ಕೋಷ್ಟಕಗಳನ್ನು ಮಾತ್ರ ಎಲ್ಲರೂ ಬೇಕಾದಂತೆ ತಿದ್ದುವುದಕ್ಕೆ ಬಿಡುವುದು ಮತ್ತೊಂದು ದೋಷ. ಇದು ನೆರೆಯೂರಿನವರ ಏರಿಗೆ ಕಳ್ಳ ತೂಬನ್ನು ಇಟ್ಟಂತೆ. ಹೊರಗೆ ನೋಡುವುದಕ್ಕೆ ಕೆರೆಗಳು ಎರಡು. ನೀರಿನ ಲೆಕ್ಕ ಮಾತ್ರ ಯಾರಿಗೂ ಸಿಕ್ಕದು. ಒಂದು ಸಂಗತಿಯನ್ನು ತಿದ್ದುವ ಅಧಿಕಾರವು ಒಂದು ಘಟಕಕ್ಕೆ ಮಾತ್ರ ಇರಬೇಕು. ಬೇರೆಯವರು ಅದರ ತೂಬಿನ ಮೂಲಕವೇ ಪಡೆಯಬೇಕು. ವಿಂಗಡಣೆಯ ಕೆಲಸದಲ್ಲಿ ಅತಿ ನಿಧಾನವಾಗಿ ಸಾಗುವುದೂ, ಬೇಗ ಮುಗಿಸಬೇಕೆಂಬ ಆತುರದಲ್ಲಿ ಸಾಮಾನ್ಯವಾಗಿ ಕೈಬಿಡುವುದೂ ಈ ಭಾಗವೇ.

ಕೆರೆಗಳ ಸಾಲಿಗೆ ಒಂದು ಅಪಾಯವೂ ಉಂಟೆಂಬುದನ್ನು ಮರೆಮಾಚಬಾರದು. ಮೇಲಣ ಏರಿಯು ಒಡೆದರೆ ಕೆಳಗಣವುಗಳಿಗೂ ಕೇಡು. ಹಾಗೆಯೇ ಎಲ್ಲ ಘಟಕಗಳೂ ಪ್ರತಿ ಕ್ಷಣವೂ ಮೇಲಿನದನ್ನು ಕೇಳುತ್ತಲೇ ಇರುವಂತೆ ಕಟ್ಟಿದರೆ, ಮೇಲಿನದು ನಿಂತಾಗ ಕೆಳಗಿನವೆಲ್ಲವೂ ನಿಲ್ಲುತ್ತವೆ. ಇಂತಹಲ್ಲಿ ಘಟಕಗಳ ಸಂಖ್ಯೆಯು ಹೆಚ್ಚಿದಷ್ಟೂ ತೊಂದರೆಯು ಹೆಚ್ಚೇ. ಕೆಳಗಣ ಕೆರೆಯು ತನ್ನ ಪಾಲಿನ ನೀರನ್ನು ನಿಲ್ಲಿಸಿಕೊಂಡಿರುವಂತೆ, ಬೀಜದ ಘಟಕವು ರೈತರ ಹಿಡುವಳಿಯ ಒಂದು ಪ್ರತಿಯನ್ನು ದಿನಾಂಕ ಸಹಿತ ತನ್ನಲ್ಲಿ ಇಟ್ಟುಕೊಂಡಿದ್ದರೆ, ಮೇಲಣದು ಅರ್ಧ ದಿನ ನಿಂತರೂ ಚೀಲವನ್ನು ಕೊಡುವ ಕೆಲಸವು ನಡೆಯುವುದು. ಆದರೆ ಈ ಪ್ರತಿಯನ್ನು ಓದಬಹುದೇ ಹೊರತು ತಿದ್ದಕೂಡದು.

ಅತಿಯಾಗಿ ವಿಂಗಡಿಸುವುದೂ ಯುಕ್ತವಲ್ಲ. ಕಟ್ಟೆಯೊಂದಕ್ಕೆ ಒಬ್ಬ ನೀರುಗಂಟಿಯಂತೆ, ಪ್ರತಿ ಪೊಟ್ಟಣಕ್ಕೂ ಅದರ ಆವೃತ್ತಿಯನ್ನು ಕಾಯತಕ್ಕವರೂ ಅದನ್ನು ಪರೀಕ್ಷಿಸತಕ್ಕವರೂ ಬೇಕು. ನಾಲ್ಕು ಜನರ ತಂಡಕ್ಕೆ ನಲವತ್ತು ಪೊಟ್ಟಣಗಳು ಭಾರ. ಈಚೆಗೆ, ವಿಶೇಷವಾಗಿ 2014ರಿಂದೀಚೆಗೆ, ಒಂದೊಂದು ಘಟಕವನ್ನೂ ಒಂದೊಂದು ಬೇರೆ ಯಂತ್ರದ ಮೇಲೆ ನಡೆಯಿಸುವ ಪದ್ಧತಿಯು ಬಹು ಪ್ರಚಾರಕ್ಕೆ ಬಂದಿದೆ. ಬೇರೆ ಪೊಟ್ಟಣವಾಗಿ ಕಟ್ಟುವುದೂ ಬೇರೆ ಯಂತ್ರದಲ್ಲಿ ನಡೆಯಿಸುವುದೂ ಒಂದೇ ಅಲ್ಲ. ಒಂದೇ ಉಗ್ರಾಣದಲ್ಲಿ ನೂರು ಚೀಲಗಳಿರಬಹುದು. ಒಂದೇ ಉಗ್ರಾಣವಾದರೆ ಚೀಲ ಬದಲಿಸುವ ಹೊತ್ತಿಗೆ ಬಾಗಿಲನ್ನು ಸ್ವಲ್ಪ ಮುಚ್ಚಬೇಕಾಗಬಹುದು, ನಿಜ. ಆದರೆ ಪರೀಕ್ಷಿಸಬೇಕಾದುದು ಒಂದೇ ಚೀಲವಾದುದರಿಂದ ಆ ಹೊತ್ತು ಅಲ್ಪ. ಮೊದಲು ಒಂದೇ ಯಂತ್ರದೊಳಗೆ ಪೊಟ್ಟಣಗಳನ್ನು ಶುದ್ಧವಾಗಿ ವಿಂಗಡಿಸಿ, ಅವಲಂಬನೆಯ ದಿಕ್ಕು ಸರಿಯಾಯಿತೆಂದು ಕಂಡಮೇಲೆ, ಬಿತ್ತನೆ ಬೀಜದಂತೆ ಕೆಲವೇ ದಿವಸಗಳಲ್ಲಿ ಭಾರವು ಹತ್ತುಪಟ್ಟು ಏರುವ ಘಟಕವನ್ನು ಮಾತ್ರ ಬೇರೆ ಯಂತ್ರಕ್ಕೆ ಸಾಗಿಸುವುದು ಸಾಕು.

ಇನ್ನು ರೈತರು ಗಮನಿಸತಕ್ಕ ಅಂಶ. ಒಂದು ಸಂಗತಿಯ ಮೂಲವು ಒಂದೇ ಕಡೆ ಇರುವುದರಿಂದ ತಪ್ಪನ್ನು ತಿದ್ದಿಸಬೇಕಾದುದೂ ಆ ಕಡೆಯಲ್ಲಿಯೇ. ಪಹಣಿಯಲ್ಲಿ ತಂದೆಯ ಹೆಸರೇ ಇದ್ದು ಖಾತೆಯು ಬದಲಾಗದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಎಷ್ಟು ಹೊತ್ತು ವಾದಿಸಿದರೂ ಫಲವಿಲ್ಲ. ಪೌತಿ ಖಾತೆಗಾಗಿ ಕಂದಾಯ ಇಲಾಖೆಗೆ ಅರ್ಜಿ ಕೊಡತಕ್ಕದ್ದು. ಜಮೀನು ತನ್ನ ಹೆಸರಿಗೆ ಬಂದಿದ್ದು ಫ್ರೂಟ್ಸ್‌ನಲ್ಲಿ ಸರ್ವೆ ನಂಬರು ಸೇರದೆ ಉಳಿದಿದ್ದರೆ ಅದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಸೇರಿಸಿಕೊಡುತ್ತಾರೆ. ಬೆಳೆಯು ತಪ್ಪಾಗಿ ದಾಖಲಾಗಿದ್ದರೆ ಸಮೀಕ್ಷೆಯ ಅವಧಿಯಲ್ಲಿಯೇ ಆಕ್ಷೇಪಣೆ ಹಾಕಬೇಕು. ವಿಮೆಯ ಹಣವು ಬಾರದೆಹೋದಮೇಲೆ ಅದನ್ನು ಎತ್ತುವುದು ತಡವಾಯಿತು. 2023ರ ಬರದ ವರ್ಷದಲ್ಲಿ ಪರಿಹಾರಕ್ಕೆ ಫ್ರೂಟ್ಸ್ ದಾಖಲೆಯನ್ನೇ ಆಧಾರವಾಗಿ ಹಿಡಿದಾಗ, ಎಫ್‌ಐಡಿ ಮಾಡಿಸದವರೂ ತಮ್ಮ ನಂಬರುಗಳನ್ನೆಲ್ಲ ಸೇರಿಸದವರೂ ಕಚೇರಿಗಳಿಗೆ ಓಡಾಡಬೇಕಾಯಿತು.

ತಂತ್ರಾಂಶವನ್ನು ಕಾಯತಕ್ಕವರು ಹೊಸ ಆವೃತ್ತಿಗಳನ್ನು ಇಡುವ ಕಾಲವನ್ನೂ ನೋಡಿಕೊಳ್ಳಬೇಕು. ಕೆರೆಯ ಹೂಳನ್ನು ತೆಗೆಯುವುದು ಬೇಸಗೆಯಲ್ಲಿ. ಬೀಜ ಮತ್ತು ಗೊಬ್ಬರದ ಘಟಕಗಳ ಬದಲಾವಣೆಗಳು ಸಂಕ್ರಾಂತಿಯಿಂದ ಯುಗಾದಿಯೊಳಗೆ ಮುಗಿದು, ಒಂದೆರಡು ಹೋಬಳಿಗಳಲ್ಲಿ ಪರೀಕ್ಷೆಯಾಗಿರಬೇಕು. ರೋಹಿಣಿ ಮಳೆಯಿಂದ ಆರಿದ್ರಾ ಮಳೆಯು ಮುಗಿಯುವವರೆಗೆ ಆ ಎರಡು ಪೊಟ್ಟಣಗಳನ್ನು ಮುಟ್ಟದೆ, ವಿಮೆ ಮತ್ತು ಪರಿಹಾರದವುಗಳನ್ನು ಬೇಕಾದಂತೆ ತಿದ್ದುತ್ತಿರಬಹುದು. ಕೇಂದ್ರದ ನೌಕರರು ಪರದೆಯ ಮೂಲೆಯಲ್ಲಿ ತೋರುವ ಆವೃತ್ತಿ ಸಂಖ್ಯೆಯನ್ನು ದೂರಿನ ಜತೆಯಲ್ಲಿ ಬರೆದು ಕಳುಹಿಸಿದರೆ, ಬೀಜದ ತಂಡವನ್ನು ಹುಡುಕಿದಷ್ಟೇ ಸುಲಭವಾಗಿ ಕೆಟ್ಟ ಪೊಟ್ಟಣವನ್ನು ಹುಡುಕಬಹುದಾಗಿದೆ.